ಸೋನಾಲಿಯನ್ನು ನಪಾಸು ಮಾಡ್ರಿ

ಮಕ್ಕಳನ್ನು ಪಾಸು ಮಾಡಿ ಎಂದು ಮಾಸ್ತರರ ಕೈಕಾಲು ಹಿಡಿದ ತಾಯಂದಿರನ್ನು ಆ ಊರು ಬೇಕಾದಷ್ಟು ಕಂಡಿತ್ತು. ನಪಾಸು ಮಾಡಿ ಎಂದು ಸೆರಗು ಸಿಕ್ಕಿಸಿಕೊಂಡು ಜಗಳಕ್ಕೆ ನಿಂತವಳು ಶಿವಕಾಂತಾ ಒಬ್ಬಳೇ. ಹುಚ್ಚಿ ಅಂದರು ಕೆಲವರು. ಅನ್ನಲಿ ಬಿಡಿ. ಹುಚ್ಚು ಹಿಡಿದದ್ದು ಅವಳಿಗೋ ಊರಿಗೋ ಎಂಬುದನ್ನು ಪೂರ್ತಿ ಕೇಳಿದ ಮೇಲೆ ನೀವೇ ಹೇಳಿ.

ಊರು ಔರಾದ ಶಹಾಜನಿಯ ಹತ್ತಿರ, ಗಡಿಗೆ ಅಂಟಿಕೊಂಡೇ ಇದೆ. ಅತ್ತ ಕಾಲಿಟ್ಟರೆ ಬೀದರ ಜಿಲ್ಲೆ, ಇತ್ತ ನಿಲಂಗಾ ತಾಲೂಕು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ಎರಡೂ ಕಲಸಿದ ಭಾಷೆ, ಶಾಲೆಯಲ್ಲಿ ಮರಾಠಿ. ಶಾಲೆ ಇರುವುದು ಏಳನೆಯ ಇಯತ್ತೆಯವರೆಗೆ ಮಾತ್ರ. ಶಿವಕಾಂತಾಳ ಗಂಡ ಭೀಮಶಾ ಕುರಿ ಸಾಕುವವನು. ಮಳೆಗಾಲ ಮುಗಿದರೆ ಗಂಡ ಹೆಂಡತಿ ಹಿಂಡು ಹೊಡೆದುಕೊಂಡು ಗಡಿ ದಾಟುವರು, ಅವರಿವರ ಹೊಲದಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುವರು, ಬೇಸಿಗೆಯ ಹೊತ್ತಿಗೆ ಮರಳುವರು. ಮಗಳು ಸೋನಾಲಿ ಮಾತ್ರ ಅಜ್ಜಿಯ ಜೊತೆ ಊರಲ್ಲೇ ಉಳಿದು ಶಾಲೆಗೆ ಹೋಗುತ್ತಿದ್ದಳು.

ಆ ಹುಡುಗಿಯ ಕಣ್ಣಿಗೆ ಅಕ್ಷರ ಬಿದ್ದರೆ ಬಾಯಿ ಸುಮ್ಮನಿರುತ್ತಿರಲಿಲ್ಲ. ಗೊಬ್ಬರದ ಚೀಲ ಓದುವಳು, ಬೀಡಿಯ ಕಟ್ಟು ಓದುವಳು, ಪಕ್ಕದ ಮನೆಗೆ ಬಂದ ಲಗ್ನಪತ್ರಿಕೆಯನ್ನು ಅವರಿಗಿಂತ ಮೊದಲು ಓದಿ ಬೈಸಿಕೊಳ್ಳುವಳು. ಶಿವಕಾಂತಾ ಒಂದಕ್ಷರ ಕಲಿತವಳಲ್ಲ. ಮಗಳು ಓದುವಾಗ ರೊಟ್ಟಿ ಬಡಿಯುವ ಕೈ ತಾನಾಗಿ ನಿಂತುಬಿಡುತ್ತಿತ್ತು, ಹಂಚಿನ ಮೇಲಿನ ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿಯನ್ನು ತಾನೇ ತಿನ್ನುತ್ತಿದ್ದಳು, ಬೇಜಾರಿಲ್ಲದೆ.

ಇನ್ನು ಭೀಮಶಾ ಮಾಡಿದ ಘನಕಾರ್ಯ ಕೇಳಿ. ಕೊರೊನಾದ ಹೆಸರೂ ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ, ಸಾಸ್ತೂರದ ಅಕ್ಕನ ಮನೆಯಲ್ಲಿ ಬೀರಪ್ಪನ ಪೂಜೆ ಇತ್ತು. ಡೊಳ್ಳು ಬಡಿದಿದ್ದಾರೆ, ಊಟ ಆಗಿದೆ. ಅಕ್ಕ ಮೀರಾಬಾಯಿ ತಮ್ಮನ ಮುಂದೆ ಕೂತು, ನಿನ್ನ ಮಗಳನ್ನು ನನ್ನ ಧನರಾಜನಿಗೆ ಕೊಡು ಎಂದು ಸೆರಗೊಡ್ಡಿದಳು. ತಮ್ಮನ ಮಗಳು ತನ್ನ ಮಗನಿಗೇ ಎನ್ನುವುದು ಆ ಮಂದಿಯಲ್ಲಿ ಹೊಸ ಮಾತೇನಲ್ಲ. ಇಲ್ಲ ಅನ್ನಲು ಭೀಮಶಾನಿಗೆ ನಾಲಿಗೆ ಏಳಲಿಲ್ಲ, ಹೂಂ ಅನ್ನಲು ಎದೆ ಒಪ್ಪಲಿಲ್ಲ. ಜಾಣತನ ಮಾಡುತ್ತೇನೆಂದು ದೇವರ ಮುಂದಿನ ಭಂಡಾರ ಕೈಯಲ್ಲಿ ತಗೊಂಡು ಹೇಳಿಬಿಟ್ಟ: "ಸೋನಾಲಿ ಏಳನೇದು ಪಾಸ್ ಆದ ವರ್ಷನೇ ನಿನ್ನ ಮನಿಗಿ ಕೊಡ್ತೀನಿ ಅಕ್ಕಾ."

ಭಂಡಾರವೆಂದರೆ ಬರೀ ಅರಿಶಿನ ಪುಡಿ ಎಂದುಕೊಂಡರೆ ಕೆಟ್ಟಿರಿ. ಬೀರಪ್ಪನ ಭಂಡಾರ ಎತ್ತಿ ಆಡಿದ ಮಾತಿಗೆ ಮುಂದೆ ಪಂಚಾಯಿತಿ ಇಲ್ಲ, ಕೋರ್ಟಿಲ್ಲ. ಎತ್ತಿ ತಪ್ಪಿದವನ ಹಟ್ಟಿಯಲ್ಲಿ ಕುರಿ ಉಳಿಯುವುದಿಲ್ಲ ಎಂದು ಅವರು ನಂಬುತ್ತಾರೆ. ಹೆಂಡತಿ ಮನೆಗೆ ಬಂದು ಹಣೆ ಬಡಿದುಕೊಂಡಾಗ ಭೀಮಶಾ ನಕ್ಕಿದ್ದ.

"ನಮ್ಮ ವಂಶದಾಗ ನಾಕನೇದು ದಾಟಿದವರು ಯಾರ ಅದಾರ? ಏಳನೇದು ಅಂದ್ರ ಕಾಶಿ ಇದ್ದಂಗ. ಅಲ್ಲಿತನ ಮುಟ್ಟಬೇಕಾದ್ರ ಪೋರಿ ಶಾಣೇಕಿ ಆಗ್ತಾಳ. ಆಕೀನೇ ಒಲ್ಲೆ ಅಂದ್ರ ಅಕ್ಕ ಏನ್ ಮಾಡ್ತಾಳ?"

ಶಿವಕಾಂತಾಳೂ ಆಮೇಲೆ ಅದನ್ನೇ ನಂಬಿಕೊಂಡಳು. ಪಾಸಾಗಬೇಕಾದರೆ ಕಲಿಯಬೇಕು, ಕಲಿತವಳಿಗೆ ಬಾಯಿ ಬರುತ್ತದೆ, ಬಾಯಿದ್ದವಳನ್ನು ಯಾರೂ ಕುರಿಯ ಹಾಗೆ ಎಳಕೊಂಡು ಹೋಗಲಾರರು. ಗಂಡ ಹೆಂಡತಿ ಇಬ್ಬರೂ ಎಡವಿದ್ದು ಇಲ್ಲೇ. ಕುರಿ ಗಬ್ಬವಾಗದೆ ಮರಿ ಹಾಕುವುದಿಲ್ಲ ಎಂಬಷ್ಟು ಗಟ್ಟಿಯಾಗಿ, ಕಲಿಸದೆ ಶಾಲೆ ಪಾಸು ಮಾಡುವುದಿಲ್ಲ ಎಂದು ನಂಬಿದ್ದರು ಪಾಪ.

ಆಮೇಲೆ ಬಂತು ನೋಡಿ ಆ ಹಾಳು ವರ್ಷ. ಸೋನಾಲಿ ಆರನೆಯದರಲ್ಲಿದ್ದಾಗ ಶಾಲೆಗೆ ಬೀಗ ಬಿತ್ತು. ಹದಿನೈದು ದಿನದ ಸೂಟಿ ಅಂದರು. ಆರನೆಯದರ ಪರೀಕ್ಷೆ ಆಗಲೇ ಇಲ್ಲ, ಏಳನೆಯದರ ಪುಸ್ತಕ ಹಂಚಿ ಕಳಿಸಿದರು. ಪುಣೆ, ಮುಂಬಯಿಗಳಿಂದ ನಡೆದು ಬಂದವರನ್ನು ಶಾಲೆಯ ಕೋಣೆಗಳಲ್ಲೇ ಕೂಡಿಹಾಕಿದರು. ಅಜ್ಜಿ ಜ್ವರ ಬಂದು ಸತ್ತಳು. ಕೊರೊನಾವೋ ಬೇರೇನೋ, ನೋಡುವವರಾರು? ಅಜ್ಜಿ ಹೋದ ಮೇಲೆ ಹುಡುಗಿಯನ್ನು ಊರಲ್ಲಿ ಯಾರ ಹತ್ತಿರ ಬಿಡುವುದು? ಹಿಂಡಿನ ಜೊತೆ ಕರಕೊಂಡು ಹೋದರು. ಪುಸ್ತಕದ ಚೀಲವನ್ನು ಹುಡುಗಿ ಬಿಡಲಿಲ್ಲ, ಕತ್ತೆಯ ಮೇಲೆ ಅಡುಗೆ ಪಾತ್ರೆಯ ಜೊತೆ ಅದನ್ನೂ ಹೇರಿದಳು. ಗಡಿಯಲ್ಲಿ ಪೊಲೀಸರು ಬಡಿಗೆ ಹಿಡಿದು ನಿಂತಿದ್ದರು. ಕುರಿಗೆ ಕರ್ನಾಟಕ ಯಾವುದು ಮಹಾರಾಷ್ಟ್ರ ಯಾವುದು ಗೊತ್ತೇ? ಅತ್ತ ಹೋದರೆ ಅತ್ತಲವರು ಅಟ್ಟಿದರು, ಇತ್ತ ಬಂದರೆ ಇತ್ತಲವರು ಬಡಿದರು. ಹಗಲು ಕುರಿಯ ಹಿಂದೆ ಓಟ, ರಾತ್ರಿ ದೀಪವಿಲ್ಲ, ಪುಸ್ತಕದ ಚೀಲದ ಬಾಯಿ ಬಿಚ್ಚಲೇ ಇಲ್ಲ; ಹೀಗೇ ವರ್ಷ ಕಳೆಯಿತು.

ಆ ಇಡೀ ವರ್ಷದಲ್ಲಿ ಮುಖ್ಯ ಗುರುಗಳಾದ ಗುರುಲಿಂಗಪ್ಪ ಕುರಿಯವರ ಮಕ್ಕಳ ಹತ್ತಿರ ಬಂದದ್ದು ಒಂದು ಸಲ. ಔರಾದದಲ್ಲಿ ದೊಡ್ಡ ಕಿರಾಣಿ ಅಂಗಡಿ ಇರುವ ಮನೆತನದವರು, ವಿಭೂತಿ ಹಚ್ಚಿ ಇಸ್ತ್ರಿ ಅಂಗಿ ಹಾಕುವವರು, ಊರವರ ಬಾಯಲ್ಲಿ ಗುರೂಜಿ. ರಸ್ತೆಯ ಬದಿ ಹಿಂಡು ಕಂಡು ಮೋಟರ್ ಸೈಕಲ್ ನಿಲ್ಲಿಸಿದರು. ಮುಖಕ್ಕೆ ಮಾಸ್ಕು. ಹಿಂದೆ ಕೂತಿದ್ದವನಿಗೆ ಫೋಟೋ ತೆಗೆ ಎಂದರು. ತಮ್ಮ ಮೊಬೈಲನ್ನು ಸೋನಾಲಿಯ ಕೈಯಲ್ಲಿಟ್ಟು, ಅವಳನ್ನು ಕುರಿಗಳ ನಡುವೆ ಕೂರಿಸಿ, ನಗು ಅಂದರು. ಹುಡುಗಿ ನಕ್ಕಳು. ನಗದೇ ಏನು, ಗುರೂಜಿ ಬಂದಿದ್ದರಲ್ಲ! "ಗುರೂಜಿ, ಪಾಠ?" ಎಂದು ಕೇಳಿದಳು. ವಾಟ್ಸಪ್ಪಿನಲ್ಲಿ ಬರುತ್ತದೆ ಎಂದರು. ಭೀಮಶಾನ ಹತ್ತಿರ ಇದ್ದದ್ದು ಒತ್ತುವ ಗುಂಡಿಯ ಫೋನು. ಅದರಲ್ಲಿ ವಾಟ್ಸಪ್ಪು ಎಲ್ಲಿಂದ ಬರಬೇಕು, ಮೇಲಿಂದ ಉದುರಬೇಕೇ? ಮೊಬೈಲು ವಾಪಸು ತಗೊಂಡವರು ಕಿಸೆಯಿಂದ ಔಷಧದ ನೀರು ತೆಗೆದು ಅದನ್ನು ಒರೆಸಿದರು, ಹುಡುಗಿಯ ಎದುರಿಗೇ. ರೋಗದ ಕಾಲ, ಒರೆಸಲಿ, ತಪ್ಪಲ್ಲ. ಆದರೆ ಶಿವಕಾಂತಾಳ ಹೊಟ್ಟೆಯಲ್ಲಿ ಅವತ್ತು ಬಿದ್ದ ಕೆಂಡ ಮತ್ತೆ ಆರಲಿಲ್ಲ.

ಬೇಸಿಗೆಗೆ ಊರಿಗೆ ಮರಳಿದರೆ ಸುದ್ದಿ ಕಾದಿತ್ತು. ಎಲ್ಲ ಮಕ್ಕಳೂ ಪಾಸು. ಸೋನಾಲಿ ಏಳನೆಯದು ಪಾಸು. ಏಳನೆಯದರ ಒಂದು ಪುಟ ತಿರುಗಿಸದವಳು, ಕೋಣೆಯ ಹೊಸ್ತಿಲು ತುಳಿಯದವಳು, ಪಾಸು! ಸಾಸ್ತೂರದ ಮೀರಾಬಾಯಿಗೆ ಸುದ್ದಿ ಹೋಗಲು ಎಷ್ಟು ಹೊತ್ತು ಬೇಕು? ದೀಪಾವಳಿ ಆದ ಮೇಲೆ ಲಗ್ನ ಎಂದು ಹೇಳಿ ಕಳಿಸಿದಳು.

ಭೀಮಶಾ ಎರಡು ದಿನ ರೊಟ್ಟಿ ಸರಿಯಾಗಿ ತಿನ್ನಲಿಲ್ಲ, ಮೂರನೆಯ ದಿನ ತಿಂದ.

"ಏನ್ ಮಾಡ್ತೀರಿ?" ಎಂದಳು ಶಿವಕಾಂತಾ.

"ಭಂಡಾರ ಎತ್ತೀನಿ."

"ಪೋರಿಗಿ ಇನ್ನಾ ಹದಿಮೂರ ತುಂಬಿಲ್ಲರೀ."

"ಎತ್ತೀನಿ ಅಂದೆ ಇಲ್ಲ? ಪಾಸ್ ಆಗ್ಯಾಳ. ನಾ ಏನ್ ಮಾಡ್ಲಿ?"

ಗಂಡನ ಮೇಲೆ ಸಿಟ್ಟು ಬಂತು. ಆದರೆ ಅದಕ್ಕಿಂತ ದೊಡ್ಡ ಸಿಟ್ಟಿಗೆ ಕಾರಣವಾದದ್ದು ಬಸ್ಸಿನ ಪ್ರಸಂಗ. ಬಸ್ಸು ಮತ್ತೆ ಓಡತೊಡಗಿದಾಗ ತಾಯಿ ಮಗಳು ನಿಲಂಗಾದ ಆಸ್ಪತ್ರೆಗೆ ಹೊರಟಿದ್ದರು. ಔರಾದದ ಸ್ಟ್ಯಾಂಡಿನಲ್ಲಿ ಬಸ್ಸು ನೋಡಿ ಹೇಳುವವಳು ಯಾವಾಗಲೂ ಸೋನಾಲಿಯೇ. ಬಸ್ಸು ಬಂತು. ಹುಡುಗಿ ಬೋರ್ಡು ನೋಡಿದಳು, ತುಟಿ ಅಲ್ಲಾಡಿಸಿದಳು, ಸುತ್ತಲಿನವರ ಮುಖ ನೋಡಿದಳು, ಆಮೇಲೆ "ಇದೇ ಅವ್ವಾ, ಹತ್ತು" ಎಂದಳು. ಕಂಡಕ್ಟರ ಟಿಕೀಟು ಕೊಡಲು ಬಂದಾಗ ಗೊತ್ತಾಯಿತು, ಅದು ಉದಗೀರದ ಬಸ್ಸು. ಇಷ್ಟು ದೊಡ್ಡ ಹುಡುಗಿಗೆ ಬೋರ್ಡು ಓದಲು ಬರುವುದಿಲ್ಲವೇ ಎಂದು ಮರಾಠಿಯಲ್ಲಿ ಗದರಿ ನಡುರಸ್ತೆಯಲ್ಲಿ ಇಳಿಸಿದ. ಬಿಸಿಲಲ್ಲಿ ನಿಂತಾಗ ಸೋನಾಲಿ ಅಳಲಿಲ್ಲ. ನೆಲ ನೋಡುತ್ತ, "ಅಕ್ಷರ ಗುರತ ಹತ್ತತಾವ ಅವ್ವಾ, ಕೂಡಸ್ಲಾಕ ಬರವಲ್ದು" ಎಂದಳು. ಗುರುತು ಹತ್ತುತ್ತವೆ, ಕೂಡಿಸಲು ಬರುವುದಿಲ್ಲ. ಈ ಮಾತು ಕೇಳಿ ಯಾವ ತಾಯಿಯ ಕರುಳು ಸುಮ್ಮನಿದ್ದೀತು?

ಆಗಸ್ಟ್ ಹದಿನೈದರ ಹಿಂದಿನ ದಿನ ಸಂಜೆ ಶಿವಕಾಂತಾ ಗುರೂಜಿಯ ಹತ್ತಿರ ಹೋದಳು. ಅವರು ಶಾಲೆಯ ಅಂಗಳದಲ್ಲಿ ನಿಂತು ಬ್ಯಾನರು ಕಟ್ಟಿಸುತ್ತಿದ್ದರು. ಝೆಂಡಾ ಏರಿಸುವ ದಿನ ಲಾತೂರಿನ ಯಾವುದೋ ಸಂಸ್ಥೆಯವರು ಬಂದು, ರೋಗದ ವರ್ಷದಲ್ಲೂ ಪಾಠ ನಿಲ್ಲಿಸದ ಶಾಲೆ ಎಂದು ಈ ಶಾಲೆಗೆ ಸನ್ಮಾನ ಮಾಡುವವರಿದ್ದರು.

"ಗುರೂಜಿ, ಒಂದ್ ಮಾತದರೀ."

"ಹೇಳವ್ವಾ ಶಿವಕಾಂತಾ."

"ನಮ್ಮ ಸೋನಾಲಿಗಿ ನಪಾಸ್ ಮಾಡ್ರಿ."

"ಏನಂದಿ?"

"ನಪಾಸ್ ಮಾಡ್ರಿ ಅಂದೆ. ಆಕಿಗಿ ಏಳನೇದ್ದು ಏನೂ ಬರಲ್ಲ. ಮತ್ತ ಒಂದ್ ವರ್ಷ ಕೂಡಸ್ಕೋರಿ. ಖರೇ ಖರೇ ಕಲಸ್ರಿ, ಆಮ್ಯಾಲ ಪಾಸ್ ಮಾಡ್ರಿ."

ಗುರೂಜಿ ನಕ್ಕುಬಿಟ್ಟರು. "ಹುಚ್ಚಿ ಇದ್ದಿ ನೋಡು. ಎಂಟನೇದರ ತನಕ ಯಾರಿಗೂ ನಪಾಸ್ ಮಾಡಂಗಿಲ್ಲ, ಸರಕಾರದ ಕಾನೂನ ಅದ. ಅದರಾಗ ಕೊರೊನಾದ ವರ್ಷ. ಖುಷಿ ಪಡೂದು ಬಿಟ್ಟು ಅಳ್ಕೋತ ಬಂದೀಯಲ್ಲ?"

ಅವಳು ಎಲ್ಲ ಬಿಡಿಸಿ ಹೇಳಿದಳು. ಭಂಡಾರ, ಮೀರಾಬಾಯಿ, ದೀಪಾವಳಿ. "ಕಾನೂನ ಅಂದ್ರಲ್ಲರೀ, ಹದಿಮೂರಕ್ಕ ಲಗ್ನ ಮಾಡೂದೂ ಕಾನೂನದಾಗ ಗುನ್ಹೆ ಅಲ್ಲೇನು? ನೀವರ ಬಂದು ನಮ್ಮನಿಯವರಿಗಿ ಒಂದ್ ಮಾತ ಹೇಳ್ರಿ. ನಿಮ್ಮ ಮಾತ ಕೇಳ್ತಾರ."

ಗುರೂಜಿ ಬ್ಯಾನರಿನ ಹಗ್ಗದ ಕಡೆ ನೋಡಿದರು. "ಅದು ನಿಮ್ಮ ಮನಿ ಮಾತವ್ವಾ. ದೇವರ ಆಣಿ ಅಂತಿ. ನಾ ನಡುವ ಬಂದ್ರ ನಿಮ್ಮ ಮಂದಿ ಎಲ್ಲಾ ಪೋರಗೋಳಿಗಿ ಸಾಲಿ ಬಿಡಸ್ತಾರ. ನಾಳೆ ಸಾಹೇಬರು ಬರ್ಲತ್ತಾರ, ಅದೊಂದ್ ಮುಗೀಲಿ. ಆಮ್ಯಾಲ ನೋಡೋಣು."

ಆಮ್ಯಾಲ ನೋಡೋಣು! ಊರು ಸುಟ್ಟರೂ ಹನುಮಪ್ಪ ಹೊರಗ ಅಂತಾರಲ್ಲ, ಹಾಗೆ. ಪಾಸು ಮಾಡುವಾಗ ಕಾನೂನು ನೆನಪಾಗುತ್ತದೆ, ಲಗ್ನ ತಡೆಯುವಾಗ ಮನೆ ಮಾತಾಗುತ್ತದೆ. ಗುರೂಜಿಗೂ ಆ ವರ್ಷ ಸುಖದ್ದೇನೂ ಆಗಿರಲಿಲ್ಲ ನಿಜ. ಬೆನ್ನಿಗೆ ಬಿದ್ದ ತಮ್ಮ ಲಾತೂರಿನ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ, ಮುಖ ನೋಡಲೂ ಬಿಟ್ಟಿರಲಿಲ್ಲ. ಶಿವಕಾಂತಾ ಊರಿಗೆ ಮರಳಿದ ಮೇಲೆ ಅವರ ಮನೆಗೆ ಹೋಗಿ ಕೂತು ಅತ್ತು ಬಂದಿದ್ದಳು. ಅದೂ ಖರೆ, ಇದೂ ಖರೆ. ಸತ್ತ ತಮ್ಮನ ಹೆಸರಲ್ಲಿ ಬದುಕಿದ ಹುಡುಗಿಯನ್ನು ಮಣ್ಣು ಮಾಡಿ ಎಂದು ಯಾರೂ ಹೇಳಿಲ್ಲ.

ಮರುದಿನ ಬೆಳಿಗ್ಗೆ ಅಂಗಳಕ್ಕೆ ಬಂದರೆ ಬ್ಯಾನರು ಬಿಚ್ಚಿಕೊಂಡು ನಿಂತಿತ್ತು. ಅದರ ನಡುವೆ ಮನುಷ್ಯನೆತ್ತರದ ಸೋನಾಲಿ. ಸುತ್ತ ಕುರಿ, ಕೈಯಲ್ಲಿ ಮೊಬೈಲು, ಬಾಯಿ ತುಂಬ ನಗು. ಮೇಲೆ ದೊಡ್ಡ ಮರಾಠಿ ಅಕ್ಷರ. ಏನು ಬರೆದಿದೆ ಎಂದು ಶಿವಕಾಂತಾ ಪಕ್ಕದಲ್ಲಿದ್ದ ಸುಮನಬಾಯಿಯನ್ನು ಕೇಳಿದಳು. ಸುಮನಬಾಯಿ ಊರಿನ ಬಟ್ಟೆ ಅಂಗಡಿಯವರ ಸೊಸೆ, ಅವಳ ಮಗ ನಿಲೇಶ ಸೋನಾಲಿಯ ಜೊತೆಯವನೇ.

"ಕುರಿ ಹಿಂಡಿನ್ಯಾಗೂ ಕಲಿಕಿ ನಿಂತಿಲ್ಲ ಅಂತ ಬರದದರೀ," ಎಂದಳು ಸುಮನಬಾಯಿ, ಸ್ವಲ್ಪ ಸಣ್ಣ ದನಿಯಲ್ಲಿ.

ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂ. ಶಿವಕಾಂತಾ ತಿರುಗಿ ಮನೆಗೆ ಹೋದಳು, ದೇವರ ಮಾಡದ ಮುಂದೆ ನಿಂತಳು, ಬೀರಪ್ಪನ ಭಂಡಾರವನ್ನು ಹಿಡಿ ತುಂಬ ತಗೊಂಡು ಸೆರಗಿನ ತುದಿಯಲ್ಲಿ ಗಂಟು ಹಾಕಿದಳು.

ಅವಳು ಮರಳುವ ಹೊತ್ತಿಗೆ ಝೆಂಡಾ ಏರಿತ್ತು. ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಊರೆಲ್ಲ ಕೂತಿತ್ತು. ಸಾಸ್ತೂರದಿಂದ ಮೀರಾಬಾಯಿ ಬಂದು ತಮ್ಮನ ಪಕ್ಕದಲ್ಲೇ ಜಾಗ ಹಿಡಿದಿದ್ದಳು, ಸೊಸೆಯಾಗುವವಳಿಗೆ ಸಾಹೇಬರ ಕೈಯಿಂದ ಹೂವು ಸಿಗುವುದನ್ನು ನೋಡಬೇಕಲ್ಲ. ಸೋನಾಲಿ ಗಿಡ್ಡವಾದ ಹಳೆಯ ಯೂನಿಫಾರ್ಮಿನಲ್ಲಿ ಮುಂದಿನ ಸಾಲಿನಲ್ಲಿ ಕೂತಿದ್ದಳು. ಗುರೂಜಿ ಮೈಕಿನಲ್ಲಿ ಮೊದಲು ಮರಾಠಿಯಲ್ಲಿ ಮಾತಾಡಿದರು, ಆಮೇಲೆ ಊರವರಿಗೆಂದು ಕನ್ನಡಕ್ಕೆ ಬಂದರು.

"ಈ ವರ್ಷ ನಮಗ ಭಾಳ ಕಲಸ್ಯದ. ಸಾಲಿ ಅಂದ್ರ ಗ್ವಾಡಿ ಅಲ್ಲ, ಛತ್ತ ಅಲ್ಲ. ಪಾಲಕರು, ಗುರುಗೋಳು, ಮಕ್ಕಳು ಎಲ್ಲಾ ಕೂಡಿ ಸಾಲಿ. ಎಲ್ಲಾರೂ ಒಂದ್ ಸಲ ಹಿಂದ ತಿರುಗಿ ನೋಡೋಣು. ಒಬ್ಬ ಪಾಲಕರು ಎರಡು ಮಾತ ಹೇಳ್ಬೇಕು."

ಹೇಳಬೇಕಾದವಳು ಸುಮನಬಾಯಿ, ಮೊದಲೇ ಕಲಿಸಿಟ್ಟಿದ್ದರು. ಅವಳು ಸೀರೆ ಸರಿಮಾಡಿಕೊಂಡು ಏಳುವಷ್ಟರಲ್ಲಿ ಶಿವಕಾಂತಾ ಮೈಕಿನ ಮುಂದೆ ನಿಂತಿದ್ದಳು.

"ಹಿಂದ ತಿರುಗಿ ನೋಡ್ರಿ ಅಂದ್ರಿ. ನೋಡ್ತೀನಿ," ಎಂದಳು. ಮೈಕು ಕಿರ್ ಎಂದು ಕೂಗಿತು. ಅದನ್ನು ಪಕ್ಕಕ್ಕೆ ಸರಿಸಿದಳು; ಕುರಿ ಕೂಗಿ ಕರೆಯುವ ಗಂಟಲಿಗೆ ಮೈಕು ಯಾಕೆ? "ಆ ಬ್ಯಾನರದಾಗ ಇದ್ದಾಕಿ ನನ್ನ ಮಗಳು. ಆ ಮೊಬಾಯಿಲ್ ಆಕಿದಲ್ಲ, ಗುರೂಜೀದು. ಫೋಟೋ ತಗದು ವಾಪಸ್ ತಗೊಂಡ್ರು. ಇಡೀ ವರ್ಷ ಆಕಿಗಿ ಒಂದ್ ಅಕ್ಷರ ಯಾರೂ ಕಲಸಿಲ್ಲ. ಇದ್ದದ್ದೂ ಮರತಾಳ. ಆದ್ರೂ ಪಾಸ್ ಮಾಡ್ಯಾರ."

ಲಾತೂರಿನ ಸಾಹೇಬರು ಗುರೂಜಿಯ ಕಡೆ ತಿರುಗಿದರು. ಗುರೂಜಿ ಎದ್ದು ಬಂದು ಮೆಲ್ಲಗೆ, "ಶಿವಕಾಂತಾ, ಈಗ ಬ್ಯಾಡವ್ವಾ, ಕೂಡು," ಎಂದರು.

"ಯಾವಾಗ ಮತ್ತ? ಲಗ್ನ ಆದ ಮ್ಯಾಲ? ಆಕಿ ಬಸರಿ ಆದ ಮ್ಯಾಲ?" ಸೆರಗಿನ ಗಂಟು ಬಿಚ್ಚಿ ಅಂಗೈ ಚಾಚಿದಳು. ಹಳದಿ ಪುಡಿ ಗಾಳಿಗೆ ಗುರೂಜಿಯ ಬಿಳಿ ಅಂಗಿಯ ಮೇಲೆ ಸ್ವಲ್ಪ ಹಾರಿತು. "ನೀವು ಪಾಸ್ ಅಂದೀರಿ. ಆ ನಿಮ್ಮ ಮಾತಿನ ಮ್ಯಾಲ ನನ್ನ ಮಗಳ ಲಗ್ನ ನಿಂತದ. ಬೀರಪ್ಪನ ಭಂಡಾರ ಎತ್ರಿ. ಎತ್ತಿ, ಸೋನಾಲಿ ಏಳನೇದು ಕಲತು ಪಾಸ್ ಆಗ್ಯಾಳ ಅಂತ ಊರ ಮುಂದ ಹೇಳ್ರಿ. ಹೇಳಿದ್ರಂದ್ರ ನಾನೇ ಅರಿಶಿನ ಹಚ್ಚಿ ಆಕಿಗಿ ಸಾಸ್ತೂರಕ್ಕ ಕಳಸ್ತೀನಿ."

ಅಂಗಳದಲ್ಲಿ ಗುಜುಗುಜು ಎದ್ದಿತು. ಕುರಿಯವರ ಮಂದಿ ಎಲ್ಲ ಎದ್ದು ನಿಂತರು. ಭಂಡಾರ ಹೊರಗೆ ಬಂದ ಮೇಲೆ ಕೂತುಕೊಂಡು ನೋಡುವುದು ಅವರ ಪದ್ಧತಿಯಲ್ಲ.

"ನಾ ಲಿಂಗವಂತವ್ವಾ," ಎಂದರು ಗುರೂಜಿ. ಹಣೆಯ ವಿಭೂತಿ ಬೆವರಿಗೆ ಕರಗುತ್ತಿತ್ತು. "ನಿಮ್ಮ ದೇವರ ಮ್ಯಾಲ ನಾ ಹ್ಯಾಂಗ ಆಣಿ ಮಾಡ್ಲಿ?"

"ಬ್ಯಾಡ, ನಮ್ಮ ದೇವರು ಬ್ಯಾಡ. ನಿಮ್ಮ ಕೊರಳಾಗ ಲಿಂಗ ಅದ ಇಲ್ಲ? ಅದನ್ನೇ ಹಿಡದು ಹೇಳ್ರಿ."

ಗುರೂಜಿಯ ಕೈ ತಾನಾಗಿಯೇ ಎದೆಯ ಹತ್ತಿರ ಹೋಯಿತು. ಅಂಗಿಯ ಮೇಲಿನಿಂದಲೇ ಲಿಂಗವನ್ನು ಮುಟ್ಟಿದರು. ಬಾಯಿ ತೆರೆದರು. ಶಿವಕಾಂತಾ ಅವರ ತುಟಿಯನ್ನೇ ನೋಡುತ್ತಿದ್ದಳು. ಹೇಳಿಬಿಟ್ಟರೆ? ಸುಳ್ಳು ಹೇಳುವವನಿಗೆ ಎರಡು ಶಬ್ದ ದೊಡ್ಡದೇ? ಹೇಳಿಬಿಟ್ಟರೆ ತನ್ನ ಮಗಳನ್ನು ತನ್ನ ಕೈಯಾರೆ ಕೊಟ್ಟಂತೆ. ಯಾಕಾದರೂ ಹಾಗೆ ಮಾತು ಕೊಟ್ಟೆನೋ ಎಂದುಕೊಂಡಳು. ಗುರೂಜಿ ಬ್ಯಾನರು ನೋಡಿದರು, ಸಾಹೇಬರನ್ನು ನೋಡಿದರು, ಕೊನೆಗೆ ಮುಂದಿನ ಸಾಲಿನಲ್ಲಿ ಕೂತ ಹುಡುಗಿಯನ್ನು ನೋಡಿದರು. ಕೈ ಕೆಳಗೆ ಬಿತ್ತು.

"ಕಾಗದದಾಗ ಪಾಸ್ ಅದ," ಎಂದರು.

"ಕಾಗದ ಕೇಳಿಲ್ಲ ನಾ."

"ನನ್ನಿಂದ ಹೇಳ್ಲಾಕ ಆಗಲ್ಲ," ಎಂದು ಗುರೂಜಿ ಕುರ್ಚಿಯ ಮೇಲೆ ಕುಸಿದರು.

ಆಗ ಹಿಂದಿನಿಂದ ಸುಮನಬಾಯಿಯ ದನಿ ಬಂತು. ಬಾಯಿಪಾಠ ಮಾಡಿದ ಹೊಗಳಿಕೆ ಎಲ್ಲಿ ಹೋಯಿತೋ! "ನಮ್ಮ ನಿಲೇಶನ ಕೈಯಾಗ ವರ್ಷಪೂರ್ತಿ ಮೊಬಾಯಿಲ್ ಇತ್ತರೀ. ಆಟ ಆಡ್ದ. ಅವಗೂ ಏನೂ ಬರಲ್ಲ. ಮನಿ ಮರ್ಯಾದಿ ಅಂತ ನಾನೇ ಬಾಯಿ ಮುಚ್ಕೊಂಡಿದ್ದೆ." ಗಂಡ ಸುಮ್ಮನಿರು ಎಂದು ಸೀರೆ ಜಗ್ಗಿದ. ಅವಳು ಅವನ ಕೈ ಕೊಡವಿದಳು. ಲಾತೂರಿನ ಸಾಹೇಬರು ಗಡಿಯಾರ ನೋಡಿ, ಹೂವಿನ ಹಾರವನ್ನು ಮೇಜಿನ ಮೇಲೆಯೇ ಬಿಟ್ಟು ಜೀಪಿನ ಕಡೆ ನಡೆದರು. ಅಂಥವರ ಗಡಿಯಾರಕ್ಕೆ ಹೊತ್ತು ಸರಿಯಾಗಿ ಗೊತ್ತಾಗುವುದು ಇಂಥ ವೇಳೆಯಲ್ಲೇ.

ಮೀರಾಬಾಯಿ ಬಿಡುವವಳೇ? "ಮಾಸ್ತರ ಏನರ ಅನ್ಲಿ," ಎಂದು ತಮ್ಮನ ತೋಳು ಹಿಡಿದಳು. "ಭಂಡಾರ ಎತ್ತಿದಾಂವ ನೀ. ನಿನ್ನ ಹೆಂಡ್ತಿ ಅಲ್ಲ."

ಭೀಮಶಾ ಎದ್ದ. ಊರ ಮುಂದೆ ಹೆಂಡತಿ ಮಾಡಿದ ಗದ್ದಲಕ್ಕೆ ಅವನ ಮುಖ ಕಪ್ಪಿಟ್ಟಿತ್ತು, ಅವಳಿಗೆ ಹೊಡೆದೇಬಿಡುತ್ತಾನೆ ಎಂದು ಕೆಲವರು ಮುಂದೆ ಬಂದರು. ಅವನು ಹೆಂಡತಿಯ ಅಂಗೈಯಿಂದ ಚಿಟಿಕೆ ಭಂಡಾರ ತೆಗೆದು ಹಣೆಗೆ ಹಚ್ಚಿಕೊಂಡ.

"ಹೌದಕ್ಕಾ, ಎತ್ತೀನಿ. ಪಾಸ್ ಆದ ವರ್ಷ ಕೊಡ್ತೀನಿ ಅಂದೀನಿ," ಎಂದ. "ಪಾಸ್ ಮಾಡಿದಾಂವೇ ಲಿಂಗ ಹಿಡದು ಹೇಳಲಿಲ್ಲ. ಸುಳ್ಳು ಪಾಸ್ ತೋರ್ಸಿ ಬೀರಪ್ಪಗ ನಾ ಮೋಸ ಮಾಡ್ಲೇನು? ನನ್ನ ಮಗಳು ಪಾಸ್ ಆಗಿಲ್ಲ."

"ನಪಾಸ್ ಪೋರಿ ನನ್ನ ಮಗಗೂ ಬ್ಯಾಡ!" ಎಂದು ಮೀರಾಬಾಯಿ ನೆಲಕ್ಕೆ ಉಗುಳಿದಳು. "ದಡ್ಡಿಗಿ ಮನ್ಯಾಗೇ ಇಟ್ಕೋರಿ, ಉಪ್ಪಿನಕಾಯಿ ಹಾಕ್ರಿ!" ಎನ್ನುತ್ತ ಚಪ್ಪಲಿ ಮೆಟ್ಟಿ ಹೊರಟಳು.

ಗೆದ್ದೆ ಎಂದುಕೊಂಡಳು ಶಿವಕಾಂತಾ. ಕೈಗೆ ಉಳಿದ ಹಳದಿಯನ್ನು ಕಣ್ಣಿಗೊತ್ತಿಕೊಂಡು ಮಗಳನ್ನು ನೋಡಿದಳು. ಊರೆಲ್ಲ ಮಗಳನ್ನೇ ನೋಡುತ್ತಿತ್ತು. ಒಬ್ಬರು ಅಯ್ಯೋ ಪಾಪ ಅನ್ನುತ್ತಿದ್ದರು, ಸಣ್ಣ ಹುಡುಗರು ಕಿಸಿಕಿಸಿ ನಗುತ್ತಿದ್ದರು. ಸೋನಾಲಿ ಎದ್ದು, ಯಾರನ್ನೂ ನೋಡದೆ, ಅಂಗಳದಿಂದ ಓಡಿಹೋದಳು.

ಹಟ್ಟಿಯ ಬೇಲಿಯ ಹತ್ತಿರ ಸಿಕ್ಕಳು. ತಾಯಿ ತಲೆ ಸವರಲು ಹೋದರೆ ಕೈಯನ್ನು ಕಿತ್ತೆಸೆದಳು.

"ಮುಟ್ಟಬ್ಯಾಡ ನನಗ."

"ಯವ್ವಾ, ಲಗ್ನ ತಪ್ತಲ್ಲ..."

"ಊರ ಮುಂದ ನನಗ ದಡ್ಡಿ ಮಾಡಿದಿ! ಓದ್ಲಾಕ ಬರಲ್ಲಂತ ಎಲ್ಲಾರಿಗೂ ಹೇಳಿದಿ. ಬಸ್ಸಿಂದು ನಿನಗೊಬ್ಬಾಕಿಗೇ ಗೊತ್ತಿತ್ತು." ಹುಡುಗಿಯ ಕಣ್ಣಲ್ಲಿ ನೀರಿರಲಿಲ್ಲ, ಬೆಂಕಿ ಇತ್ತು. "ಅಪ್ಪ ಭಂಡಾರ ಎತ್ತಬೇಕಾದ್ರ ನನಗ ಕೇಳಲಿಲ್ಲ. ಗುರೂಜಿ ಫೋಟೋ ತಗೀಬೇಕಾದ್ರ ಕೇಳಲಿಲ್ಲ. ನೀನೂ ಕೇಳಲಿಲ್ಲ. ಅವರು ಹೂಂ ಅಂದಿದ್ರ? ಲಿಂಗ ಹಿಡದು ಹೂಂ ಅಂದಿದ್ರ ಏನ್ ಮಾಡ್ತಿದ್ದಿ? ಕಳಸ್ತಿದ್ದಿ ಇಲ್ಲ? ನೀನೇ ಅಂದಿದಿ, ಅರಿಶಿನ ಹಚ್ಚಿ ಕಳಸ್ತೀನಂತ."

ಊರೆಲ್ಲರ ಬಾಯಿ ಮುಚ್ಚಿಸಿ ಬಂದ ಶಿವಕಾಂತಾ ನೆಲಕ್ಕೆ ಕೂತುಬಿಟ್ಟಳು. ಹೌದಲ್ಲ. ಹೂಂ ಅಂದಿದ್ದರೆ? ತಾನೂ ಮಗಳನ್ನು ಪಣಕ್ಕಿಟ್ಟೇ ನಿಂತಿದ್ದಳಲ್ಲ. ಇಷ್ಟು ದಿನ ಗುರೂಜಿಯ ಮೇಲೆ, ಗಂಡನ ಮೇಲೆ, ನಾದಿನಿಯ ಮೇಲೆ ಸುರಿದ ಸಿಟ್ಟು ಈಗ ತನ್ನ ಮೈಮೇಲೆಯೇ ಬಿತ್ತು. ನನ್ನದು ತಪ್ಪಾಯಿತು ಎಂದು ಹೇಳಬೇಕೆನಿಸಿತು, ಹೇಳಲು ಬಾಯಿ ಬರಲಿಲ್ಲ. ಮಗಳು ಅವತ್ತಿನಿಂದ ಅವಳ ಜೊತೆ ಮಾತು ಬಿಟ್ಟಳು. ರೊಟ್ಟಿ ಕೊಟ್ಟರೆ ತಿನ್ನುವಳು, ಕೆಲಸ ಹೇಳಿದರೆ ಮಾಡುವಳು, ಮಾತು ಮಾತ್ರ ಇಲ್ಲ.

ದಸರೆಗೆ ಮುಂಚೆ ಶಾಲೆ ತೆರೆಯಿತು. ಗಂಟೆಯ ಸದ್ದು ಕೇಳಿ ಸೋನಾಲಿ ಹಟ್ಟಿಯಿಂದ ಎದ್ದಳು, ಕೈಕಾಲು ತೊಳೆದಳು, ಪುಸ್ತಕದ ಚೀಲದಿಂದ ಧೂಳು ಕೊಡವಿ ಹೊರಟಳು. ಎಲ್ಲಿಗೆ ಎಂದು ಕೇಳುವ ಧೈರ್ಯ ಶಿವಕಾಂತಾಳಿಗಾಗಲಿಲ್ಲ. ಕುರಿಯನ್ನು ಗಂಡನ ಪಾಲಿಗೆ ಬಿಟ್ಟು, ದೂರದಿಂದ ಹಿಂದೆ ಹೋಗಿ ಕಿಟಕಿಯ ಹೊರಗೆ ನಿಂತಳು.

ಏಳನೆಯ ಇಯತ್ತೆಯ ಕೋಣೆಯಲ್ಲಿ ಗುರೂಜಿಯೇ ಹಾಜರಿ ಕೂಗುತ್ತಿದ್ದರು. ಕೂತವರೆಲ್ಲ ಸೋನಾಲಿಗಿಂತ ಚಿಕ್ಕವರು, ಅವಳ ಕಿವಿಗೂ ಬಾರದವರು. ಅವರ ನಡುವೆ ಹೋಗಿ, ಚೀಲ ಇಟ್ಟು, ನೆಲದ ಮೇಲೆ ಕೂತಳು. ಮಕ್ಕಳು ಒಬ್ಬರ ಮೈಮೇಲೊಬ್ಬರು ಬಿದ್ದು ನಕ್ಕರು.

ಗುರೂಜಿ ತಲೆ ಎತ್ತಿದರು. ಅವತ್ತಿನ ಮೇಲೆ ಅವರು ಊರಲ್ಲಿ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡುವುದನ್ನೇ ಬಿಟ್ಟಿದ್ದರು. "ಸೋನಾಲಿ, ನೀ ಇಲ್ಲಿ ಕೂಡಂಗಿಲ್ಲವ್ವಾ," ಎಂದರು. "ನಿನ್ನ ಹೆಸರು ಇಲ್ಲಿಲ್ಲ. ನೀ ಪಾಸ್ ಆಗಿ ಹೊರಗ ಹೋಗೀದಿ."

"ನಾ ನಪಾಸ್ ಆಗೀನಿ," ಎಂದಳು ಸೋನಾಲಿ, ಕೋಣೆಯೆಲ್ಲ ಕೇಳುವಂತೆ. ಕಿಟಕಿಯ ಕಡೆ ತಿರುಗಲಿಲ್ಲ, ಆದರೆ ಅಲ್ಲಿ ಯಾರಿದ್ದಾರೆಂದು ಅವಳಿಗೆ ಗೊತ್ತಿತ್ತು. "ನಮ್ಮವ್ವ ಊರಿಗೆಲ್ಲಾ ಹೇಳ್ಯಾಳ. ನೀವು ಕೇಳಿಲ್ಲೇನ್ರಿ?"

ಗುರೂಜಿ ಹಾಜರಿ ಪುಸ್ತಕ ಹಿಡಿದು ನಿಂತಿದ್ದರು. ಹುಡುಗಿ ಏಳನೆಯದರ ಪುಸ್ತಕದ ಮೊದಲ ಪುಟ ತೆರೆದು ಮಡಿಲಲ್ಲಿಟ್ಟುಕೊಂಡು, ಅವರ ಮುಖವನ್ನೇ ನೆಟ್ಟಗೆ ನೋಡಿದಳು.

"ಪಾಠ ಹೇಳ್ರಿ," ಎಂದಳು.